ಕರಿ ಜಲ್ಲಿಯ ಕೆಳಗೆ

ಮೂವತ್ತು ಮೀನೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ತಾರಸಿಯ ಮೇಲಿನ ಆ ತೊಟ್ಟಿಯ ಆಚೆ ಈಚೆ ಅಕ್ಕ-ತಮ್ಮ ಹಾವು-ಮುಂಗುಸಿಯ ಹಾಗೆ ನಿಂತಿದ್ದರು. ನಡುವೆ ಅಕ್ಕನ ಗಂಡ.

"ಇವನೇ ವಿಷ ಹಾಕಿರೋದು ಮೇಷ್ಟ್ರೇ!" ಅಂದಳು ಅಕ್ಕ. "ಈ ಸಲವೂ ಮೀನು ಸತ್ರೆ ತಾರಸಿ ತಮ್ಮನಿಗೆ ಅಂತ ಅಮ್ಮ ಹೇಳಿಬಿಟ್ಟಿದ್ರು. ಅದಕ್ಕೇ!"

ಮೀನು ಮೇಷ್ಟ್ರು ತೊಟ್ಟಿಯ ನೀರು ಮೂಸಿ ನೋಡಿದರು. ಮೀನು ಸಾಕುವವರಿಗೆ ಪಾಠ ಹೇಳಿ ನಿವೃತ್ತರಾದವರು. ಅವರ ಚೀಲ ಹೊರುವುದು ನನ್ನ ಹಣೆಬರಹ.

"ತಿಂಗಳಿಂದ ನಾನು ಮೇಲೆ ಕಾಲಿಟ್ಟಿಲ್ಲ," ನೆಲದ ಕಲ್ಲಿಗೆ ಪಾಲಿಶ್ ಹಾಕುವ ತಮ್ಮ ಸಿಡುಕಿದ. "ತಾರಸಿ ಬೀಗದ ಕೈ ಇರೋದು ಭಾವನ ಜೇಬಲ್ಲಿ. ಮೀನಿನ ವಾಸನೆ ಕಂಡ್ರೆ ಆಗದವರು ಯಾರು? ಅವರನ್ನ ಕೇಳಿ!"

"ನಾಲಿಗೆ ಬಿಗಿಹಿಡಿದು ಮಾತಾಡು!" ಭಾವ ಗುಡುಗಿದ.

ಥೂ, ಇವರ ಕಚ್ಚಾಟದಲ್ಲಿ ಸತ್ತ ಮೀನಿಗೂ ನೆಮ್ಮದಿಯಿಲ್ಲ.

ಮೇಷ್ಟ್ರು ತೊಟ್ಟಿಯ ಮೇಲಿನ ಗಿಡದ ಪಾತಿಯತ್ತ ಬಗ್ಗಿದರು. ಮಣ್ಣಿಲ್ಲ, ಬರೀ ಕಲ್ಲು. ಮೀನಿನ ನೀರು ಅದರೊಳಗೆ ಹರಿದು, ಗಿಡಕ್ಕೆ ಗೊಬ್ಬರ ಕೊಟ್ಟು, ಶುದ್ಧವಾಗಿ ತೊಟ್ಟಿಗೆ ಮರಳುತ್ತದೆ.

"ಎಲೆ ಹಳದಿಯಾಗಿ ಎಷ್ಟು ದಿನ ಆಯ್ತಮ್ಮಾ?"

"ಮೂರು ವಾರ. ಎಲೆ ಹಾಳಾಗ್ಲಿ, ಮೀನು ನೋಡಿ!"

"ಕಲ್ಲು ಆರಿಸಿದ್ದು ಯಾರು?"

"ನಾನೇ. ಸುಣ್ಣದ ಅಂಶ ಇದ್ರೆ ನೊರೆ ಬರುತ್ತೆ ಅಂತ ನೀವು ಹೇಳಿದ ಹಾಗೆ ವಿನೆಗರ್ ಹಾಕಿ ನೋಡ್ದೆ. ನೊರೆ ಬರಲಿಲ್ಲ. ಒಳ್ಳೇ ಕರಿ ಜಲ್ಲಿ."

"ಪಾತಿಗೆ ತುಂಬಿದ್ದು?"

ಅಕ್ಕ ತಡವರಿಸಿದಳು. "ಇವನು... ನೀನು ಭಾರ ಎತ್ತಬೇಡ ಅಕ್ಕಾ ಅಂತ ಹೋದ ತಿಂಗಳು ಅವನೇ ಬಂದ."

ಮೇಷ್ಟ್ರು ಮೊಣಕೈವರೆಗೂ ಕಲ್ಲಿನೊಳಗೆ ಕೈ ತೂರಿಸಿದರು. ಮುಷ್ಟಿ ಬಿಚ್ಚಿದರೆ — ಬಿಳಿ ಚೂರುಗಳು! ನಾನು ವಿನೆಗರ್ ಸುರಿದೆ. ಬುಸ್ಸೆಂದು ನೊರೆ ಎದ್ದಿತು.

"ಅಮೃತಶಿಲೆ. ಅದರ ಸುಣ್ಣ ದಿನಾ ಕರಗಿ ಕರಗಿ ನೀರು ಕ್ಷಾರವಾಯ್ತು. ಗಿಡಕ್ಕೆ ಕಬ್ಬಿಣದ ಸತ್ವ ಸಿಗಲಿಲ್ಲ — ನೋಡಿ, ನರ ಹಸಿರು, ಎಲೆ ಹಳದಿ. ಆಮೇಲೆ ಆ ಕ್ಷಾರದ ನೀರಲ್ಲಿ ಮೀನಿನ ಗಲೀಜೇ ಮೀನಿಗೆ ವಿಷವಾಯ್ತು. ಬೀಗ ತೆಗೆದು ಯಾರೂ ಬರಬೇಕಾಗಿರಲಿಲ್ಲ. ಪಾತಿ ತುಂಬಿದ ದಿನವೇ ಕೆಲಸ ಮುಗಿದಿತ್ತು."

"ನಂಗೇನ್ ಗೊತ್ತು?" ತಮ್ಮ ಅಂದ. "ಜಲ್ಲಿ ಸಾಲಲಿಲ್ಲ, ಚೂರು ಹಾಕ್ದೆ."

"ಅಮೃತಶಿಲೆಗೆ ಪಾಲಿಶ್ ಹಾಕೋನು ನೀನು. ಹುಳಿ ಬೀಳಿಸಬೇಡಿ ಅಂತ ಗಿರಾಕಿಗಳಿಗೆ ದಿನಾ ಹೇಳ್ತೀಯ. ಸಾಲದೆ ಹಾಕಿದ್ರೆ ಚೂರು ಮೇಲಿರಬೇಕಿತ್ತು. ಅಡಿಯಲ್ಲಿ ಹಾಕಿ, ಮೇಲೆ ಕರಿ ಜಲ್ಲಿ ಮುಚ್ಚಿದ್ದು ಯಾಕಪ್ಪಾ?" ಅಂದರು ಮೇಷ್ಟ್ರು.

ತಮ್ಮ ಮೆಟ್ಟಿಲತ್ತ ಒಂದು ಹೆಜ್ಜೆ ಹಿಂದೆ ಸರಿದ.

ಅಕ್ಕ ಗಂಡನ ಜೇಬಿನಿಂದ ಬೀಗದ ಕೈ ಕಿತ್ತುಕೊಂಡಳು. "ಮೂರು ವರ್ಷ ಮಾತು ಬಿಟ್ಟಿದ್ದೋನು ಅವತ್ತು ಅಕ್ಕಾ ಅಂದಿದ್ದ, ಮೇಷ್ಟ್ರೇ. ಅಷ್ಟಕ್ಕೇ ಕರಗಿ, ಕೆಳಗೆ ಕೈ ಹಾಕಿ ನೋಡ್ಲಿಲ್ಲ ನಾನು." ತಮ್ಮನತ್ತ ತಿರುಗಿದಳು. "ಇನ್ನು ಆ ಮಾತು ನಿನ್ನ ಬಾಯಲ್ಲಿ ಬರಬಾರದು. ಇಳಿ ಕೆಳಗೆ."