ಎಡಗಾಲಿನ ಅಟ್ಟೆ

"ಎಡಗಾಲು ಕಳ್ಳ ಐತಿ ಇಂವಂದು!"

ಕಲ್ಲವ್ವ ತನ್ನಷ್ಟಕ್ಕೆ ತಾನೇ ಅಂದುಕೊಂಡಿದ್ದಳು. ಅದೂ ಕನ್ನಡದಲ್ಲಿ. ಪುಣೆ ಕ್ಯಾಂಪಿನ ಆ ಗಲ್ಲಿಯಲ್ಲಿ ಗಿರಾಕಿಗಳ ಜೊತೆ ಮಾತೆಲ್ಲ ಮರಾಠಿ, ಇಲ್ಲವೇ ಹಿಂದಿ. ಕನ್ನಡವೇನಿದ್ದರೂ ಅವಳಿಗೂ ಅವಳಪ್ಪ ಭೀಮುವಿಗೂ ನಡುವೆ ಮಾತ್ರ.

ಅಂಗಡಿಯ ಕಟ್ಟೆಯ ಆಚೆ ನಿಂತಿದ್ದ ತರುಣ ಮೊಬೈಲಿನಿಂದ ತಲೆ ಎತ್ತಿದ.

"ಯಾರಿಗ್ರಿ ಕಳ್ಳ ಅಂದದ್ದು?"

ಅವಳ ಕೈಯಲ್ಲಿದ್ದ ಫುಟ್‌ಬಾಲ್ ಬೂಟು ಜಾರಿ ಬೀಳುವುದೊಂದು ಬಾಕಿ!

'ಅಯ್ಯ ಶಿವನೇ... ಕನ್ನಡದಾಂವ!'

"ನಿಮಗಲ್ರೀ... ಬೂಟಿಗೆ ಅಂದೆ."

"ಬೂಟ್ ಏನ್ ಕದ್ದೈತಿ?"

ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ. ಅವಳು ಎರಡೂ ಬೂಟುಗಳನ್ನು ಬೋರಲು ಹಾಕಿ ಅವನ ಮುಂದೆ ಇಟ್ಟಳು.

"ನೋಡ್ರಿ. ಬಲಗಾಲಿನ ಅಟ್ಟಿ ಮುಂದಿನ ಭಾಗ ಪೂರಾ ಸವದೈತಿ. ಎಡಗಾಲಿಂದು ಹೊರಗಿನ ಅಂಚಷ್ಟ ಸವದೈತಿ. ನೀವು ಎಡಗಾಲ ಊರಾಕ ಹೆದರ್ತೀರಿ, ಭಾರ ಕದೀತೀರಿ. ಮೊಳಕಾಲಾಗ ನೋವೈತಿ... ಯಾರಿಗೂ ಹೇಳಿಲ್ಲ."

ಅವನ ಮುಖದ ಬಣ್ಣವೇ ಇಳಿದುಹೋಯಿತು. ಗಲ್ಲಿಯ ಎರಡೂ ಕಡೆ ನೋಡಿ, ಕಟ್ಟೆಯ ಮೇಲೆ ಬಾಗಿದ.

"ಮೆಲ್ಲಕ ಮಾತಾಡ್ರಿ... ಕೈ ಮುಗೀತೀನಿ."

ಅವನ ಹೆಸರು ಮಾಂತು. ಪುಣೆಯ ಕ್ಲಬ್ಬಿನಲ್ಲಿ ಆರು ವರ್ಷದಿಂದ ಮಿಡ್‌ಫೀಲ್ಡರ್. ಭಾರತದ ಅಂಗಿ ತೊಟ್ಟು ಒಂಬತ್ತು ಪಂದ್ಯ ಆಡಿದ್ದ. ಹತ್ತನೆಯದು ಎರಡು ತಿಂಗಳ ನಂತರ ಮಸ್ಕತ್‌ನಲ್ಲಿತ್ತು. ಮೊಳಕಾಲಿನ ನೋವು ತಂಡದ ಡಾಕ್ಟರಿಗೆ ಗೊತ್ತಾದರೆ ಆ ಪಟ್ಟಿಯಿಂದ ಹೆಸರು ಹೋಗುತ್ತಿತ್ತು. ಯಾರೂ ಕಂಡುಹಿಡಿಯದ ಗುಟ್ಟನ್ನು ಚಪ್ಪಲಿ ಹೊಲಿಯುವ ಹುಡುಗಿಯೊಬ್ಬಳು ಅಟ್ಟೆ ನೋಡಿ ಹೇಳಿಬಿಟ್ಟಿದ್ದಳು!

"ನಾ ಯಾಕ ಹೇಳ್ಲಿ? ಬೂಟ್ ಹೊಲಿಯಾಕ ತಂದೀರಿ, ಹೊಲ್ದ ಕೊಡ್ತೀನಿ," ಅಂದಳು ಕಲ್ಲವ್ವ. ಹೇಳಿದ ಹಾಗೆ ಯಾರಿಗೂ ಹೇಳಲಿಲ್ಲ.

ಆಮೇಲೆ ಅವನು ವಾರಕ್ಕೊಮ್ಮೆ ಬರತೊಡಗಿದ. ಒಮ್ಮೆ ದಾರ ಸಡಿಲಾಗಿದೆ ಅನ್ನುತ್ತಿದ್ದ, ಒಮ್ಮೆ ನಾಲಿಗೆ ಪಟ್ಟಿ ಕಿತ್ತಿದೆ ಅನ್ನುತ್ತಿದ್ದ.

"ಬೂಟ್ ಹರಿಯೂಕಿಂತ ಮೊದಲ ಬರ್ತಾನಲ್ಲ ಇಂವಾ," ಎಂದು ಭೀಮು ಕನ್ನಡಕದ ಮೇಲಿಂದ ಮಗಳನ್ನು ನೋಡುತ್ತಿದ್ದ. "ಬ್ಲೇಡ್ ಹಚ್ಚಿ ಕೊಯ್ಕೊಂಡ ಬರ್ತಾನೇನ ಮತ್ತ?"

"ಅಪ್ಪಾ, ಸುಮ್ಕಿರ!"

ಮಾಂತುವಿನ ತಂದೆ ಬೆಳಗಾವಿ ಸೀಮೆಯಿಂದ ಬಾರಾಮತಿಗೆ ಬಂದು ಸಕ್ಕರೆ ಕಾರ್ಖಾನೆ ಸೇರಿದವರು. ಮಾಂತು ಬೆಳೆದದ್ದು ಕಬ್ಬಿನ ನಡುವಿನ ಕಾರ್ಖಾನೆ ಕಾಲನಿಯಲ್ಲಿ. ಭೀಮು ಅಥಣಿಯವನು, ಚಪ್ಪಲಿ ಮಾಡುವ ಮನೆತನ. ಅಜ್ಜಿಯ ಹೆಸರನ್ನೇ ಮಗಳಿಗೆ ಇಟ್ಟಿದ್ದ. ಕ್ಯಾಂಪಿನ ಗಿರಾಕಿಗಳು ಅವಳನ್ನು ಕಲಾ ಅಂತ ಮಾಡಿಕೊಂಡಿದ್ದರು. ಕಲ್ಲವ್ವ ಅಂತ ಬಾಯಿ ತುಂಬ ಕರೆದ ಹೊರಗಿನವನು ಮಾಂತು ಒಬ್ಬನೇ.

"ನೀವು ಗೋಲ್ ಯಾಕ ಹೊಡಿಯಾಂಗಿಲ್ಲ?" ಒಂದು ದಿನ ಅವಳು ಕೇಳಿದಳು. "ಟಿವ್ಯಾಗ ನೋಡ್ದೆ. ಚೆಂಡ ಕಾಲಿಗೆ ಬಂದ್ರ ಸಾಕು, ಮಂದಿಗೆ ಕೊಟ್ಟಬಿಡ್ತೀರಿ."

ಅವನು ನಕ್ಕ. "ನಮ್ಮ ಕೆಲಸನ ಅದು. ಹಿಂದಿನವರ ಕಡೆ ಇಸ್ಕೊಂಡು ಮುಂದಿನವರಿಗೆ ಕೊಡೂದು. ಗೋಲ್ ಹೊಡದಾಂವನ ಹೆಸರ ಪೇಪರಿನಾಗ ಬರತೈತಿ. ಕೊಟ್ಟಾಂವನ್ನ ಯಾರೂ ನೋಡಾಂಗಿಲ್ಲ."

"ಹಂಗಾರ ನೀವೂ ನಮ್ಮಂಗ. ಚಪ್ಪಲಿ ನೋಡಿ ಚಂದ ಐತಿ ಅಂತಾರ, ಹೊಲದಾಕಿನ್ನ ಯಾರ್ ನೋಡ್ತಾರ?"

"ನಾ ನೋಡೀನಲ್ಲ," ಅಂದ ಅವನು.

ದಬ್ಬಣ ಬೆರಳಿಗೆ ಚುಚ್ಚಿತು. ಅವಳು ಬೆರಳನ್ನು ಬಾಯಿಗಿಟ್ಟುಕೊಂಡು ಒಳಗೆ ಎದ್ದುಹೋದಳು.

ಮಸ್ಕತ್‌ಗೆ ಹೊರಡುವ ಹಿಂದಿನ ದಿನ ಮಾಂತು ಬಂದ. ನಗು ಇರಲಿಲ್ಲ. ಕಟ್ಟೆ ಹತ್ತುವಾಗ ಗೋಡೆ ಹಿಡಿದದ್ದನ್ನು ಅವಳು ನೋಡಿದಳು.

"ಕಲ್ಲವ್ವ, ಎಡಗಾಲಿನ ಬೂಟಿಗೆ ಏನರೆ ಒಂದ ಮಾಡ್ರಿ. ಒಂದ ಪಂದ್ಯ... ಒಂದ ಪಂದ್ಯಕ್ಕಷ್ಟ ಕಾಲ ನಿಂತ್ರ ಸಾಕು."

"ನಾವು ಬೂಟ್ ಹೊಲಿಯಾವ್ರು. ಮೊಳಕಾಲ ಹೊಲಿಯಾವ್ರಲ್ಲ! ಡಾಕ್ಟರಿಗೆ ತೋರಸ್ರಿ."

"ತೋರಿಸಿದ್ರ ಆರು ತಿಂಗಳ ಕೂಡು ಅಂತಾರ. ನನಗ ಇಪ್ಪತ್ತೊಂಬತ್ತು. ಆರು ತಿಂಗಳಾದ ಮ್ಯಾಲೆ ಯಾರ್ ಕರೀತಾರ?"

ಅಪ್ಪ ಚರ್ಮ ತರಲು ಅಥಣಿಗೆ ಹೋಗಿದ್ದ. ಕುಂಟುವ ಗಿರಾಕಿಗಳಿಗೆ ಭೀಮು ಒಂದು ಬದಿಗೆ ಚರ್ಮದ ಪದರ ಕೊಟ್ಟು ಅಟ್ಟೆ ಎತ್ತರಿಸುವುದನ್ನು ಅವಳು ಚಿಕ್ಕಂದಿನಿಂದ ಕಂಡಿದ್ದಳು. ಆದರೆ ಅವರ ಮನೆತನದಲ್ಲಿ ಹೆಣ್ಣುಮಕ್ಕಳು ಚಪ್ಪಲಿಯ ಮೇಲಿನ ಚರ್ಮದ ಜಡೆ ಹೆಣೆಯುತ್ತಾರೆ, ಪಟ್ಟಿ ಹೊಲಿಯುತ್ತಾರೆ. ಅಟ್ಟೆ ಕೊಯ್ಯುವುದು ಗಂಡಸರ ಕೆಲಸ. ಚರ್ಮ ಕೊಯ್ಯುವ ಅಪ್ಪನ ರಾಪಿಯನ್ನು ಅವಳು ಉಜ್ಜಿ ಹರಿತ ಮಾಡಿಟ್ಟಿದ್ದಳೇ ಹೊರತು ಅದರಿಂದ ಅಟ್ಟೆ ಕೊಯ್ದಿರಲಿಲ್ಲ.

ಅವತ್ತು ಕೊಯ್ದಳು.

ಮಧ್ಯಾಹ್ನವೆಲ್ಲ ಕೂತು ಬೂಟಿನ ಒಳ ಅಟ್ಟೆ ಬಿಚ್ಚಿ, ಕೆಳಗೆ ತೆಳ್ಳನೆಯ ಚರ್ಮ ಕೂರಿಸಿದಳು. ಚಪ್ಪಲಿಗೆ ಅಪ್ಪ ಯಾವಾಗಲೂ ಒಂದು ಪದರ ಹೆಚ್ಚಿಗೆಯೇ ಇಡುತ್ತಿದ್ದ. ಎಂಟು ದಿನ ನಡೆದರೆ ಚರ್ಮ ಕಾಲಿನ ಭಾರಕ್ಕೆ ಅಮುಕಿ, ಅಳತೆಗೆ ಸರಿಯಾಗಿ ಕೂರುತ್ತಿತ್ತು. ಅವಳೂ ಹಾಗೇ ಒಂದು ಪದರ ಹೆಚ್ಚಿಗೆ ಇಟ್ಟಳು. ಅಂಟು ಬಳಿದು, ಮೇಣದ ದಾರದಲ್ಲಿ ಹೊಲಿದು ಕೊಟ್ಟಳು.

"ಬಂದ ಮ್ಯಾಲೆ ನಿಮ್ಮಪ್ಪಗ ಒಂದ ಮಾತ ಕೇಳೂದೈತಿ," ಅಂದ ಮಾಂತು ಹೋಗುವಾಗ.

"ಬೂಟಿಂದೇನ?"

"ಬೂಟಿಂದಲ್ಲ..."

ಅವನು ಗಲ್ಲಿಯ ತಿರುವು ದಾಟುವ ತನಕ ಅವಳು ನಿಂತೇ ಇದ್ದಳು.

ಪಂದ್ಯವನ್ನು ಅಪ್ಪ ಮಗಳು ಅಂಗಡಿಯಲ್ಲೇ ಮೊಬೈಲಿನಲ್ಲಿ ನೋಡಿದರು. ಅರವತ್ತೊಂದನೇ ನಿಮಿಷ. ಮಾಂತು ಚೆಂಡು ಇಸಿದುಕೊಂಡ, ಎಡಗಾಲು ಊರಿ ತಿರುಗಿದ... ಬಿದ್ದ. ಹತ್ತಿರ ಯಾರೂ ಇರಲಿಲ್ಲ. ಯಾರೂ ತಾಕಿರಲಿಲ್ಲ!

ಸ್ಟ್ರೆಚರ್ ಬಂತು. ಕ್ಯಾಮೆರಾ ಒಂದು ಗಳಿಗೆ ಅವನ ಎಡಗಾಲಿನ ಬೂಟಿನ ಮೇಲೆ ನಿಂತಿತು. ಅಂಚಿನಲ್ಲಿ ಅವಳು ಹಾಕಿದ ದಾರ ಕಾಣುತ್ತಿತ್ತು.

ಆಗ ಅವಳಿಗೆ ಹೊಳೆಯಿತು. ಚಪ್ಪಲಿಯ ಅಟ್ಟೆ ಅಮುಕಿ ಕೂರುತ್ತದೆ. ಬೂಟಿನಲ್ಲಿ ಕೆಳಗೆ ಗಟ್ಟಿ ಪ್ಲಾಸ್ಟಿಕ್, ಮೇಲೆ ಅಂಟು. ಆ ಪದರ ಅಮುಕಲಿಕ್ಕೆ ಜಾಗ ಎಲ್ಲಿತ್ತು? ಎಂಟು ದಿನವಾದರೂ ಎಲ್ಲಿತ್ತು?

'ನಾನ... ನಾನ ಕೆಡವಿದೆ!'

ಪುಣೆಯಲ್ಲೇ ಆಪರೇಷನ್ ಆಯಿತು. ಮಾಂತು ಫೋನ್ ಮಾಡಿದ. ಅವಳು ಎತ್ತಲಿಲ್ಲ. 'ಬರ್ತೀಯೇನ ಕಲ್ಲವ್ವ?' ಎಂದು ಬರೆದ. ಮೊದಲ ಸಲ ನೀನು ಅಂದಿದ್ದ. ಅವಳು ಆ ಸಾಲನ್ನು ಎಷ್ಟು ಸಲ ಓದಿದಳೋ... ಉತ್ತರ ಮಾತ್ರ ಬರೆಯಲಿಲ್ಲ. ಏನಂತ ಬರೆಯಬೇಕು?

ಕ್ಲಬ್ಬು ಮರುವರ್ಷ ಅವನನ್ನು ಉಳಿಸಿಕೊಳ್ಳಲಿಲ್ಲ. ಅವನು ಬಾರಾಮತಿಗೆ ಹೊರಟುಹೋದ ಸುದ್ದಿ ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲಾಗಿ ಬಂತು.

ಮೂರು ವರ್ಷ ಕಳೆದವು. ಭೀಮುವಿನ ಕಣ್ಣು ಮಂಜಾಯಿತು.

"ಇನ್ನ ನೀನ ಅಟ್ಟಿ ಕೊಯ್ಯಬೇಕವ್ವ," ಅಂದ ಅವನು ಒಂದು ದಿನ. "ಪದ್ಧತಿ ಅಂತ ಕುಂತ್ರ ಅಂಗಡಿ ನಡಿಯಾಂಗಿಲ್ಲ."

"ನನ್ನ ಕಡಿಂದ ಆಗಾಂಗಿಲ್ಲಪ್ಪಾ."

"ಯಾಕ?"

ಅವಳು ಜಡೆ ಹೆಣೆಯುತ್ತಲೇ ಇದ್ದಳು. ಭೀಮು ಮತ್ತೆ ಕೇಳಲಿಲ್ಲ. ಮದುವೆಯ ಸಂಬಂಧಗಳು ಬರಬಹುದು, ಬಂದ ಗಂಡುಗಳು ಹೋಗಬಹುದು, ಮಗಳು ಯಾವುದಕ್ಕೂ ತಲೆ ಎತ್ತುವುದಿಲ್ಲವೆಂದು ಅವನಿಗೆ ತಿಳಿದಿತ್ತು. ಕಾರಣವೊಂದು ತಿಳಿದಿರಲಿಲ್ಲ.

ಮಾಗಿಯ ಒಂದು ಬೆಳಿಗ್ಗೆ, ಸ್ಕೂಟಿ ನಿಲ್ಲಿಸಿ ಒಬ್ಬ ಹುಡುಗಿ ಕಟ್ಟೆ ಹತ್ತಿದಳು. ಕೈಚೀಲದಿಂದ ಒಂದು ಜೊತೆ ಬೂಟು ತೆಗೆದಿಟ್ಟಳು. ಎಡಗಾಲಿನ ಬೂಟಿನ ಅಂಚಿನಲ್ಲಿ ಕಲ್ಲವ್ವ ಹೊಲಿದ ದಾರವೇ ಇತ್ತು.

"ಕಲ್ಲವ್ವ ಅಂದ್ರ ನೀವೇನ್ರಿ? ನಾ ಸ್ನೇಹಲ್, ಮಾಂತುನ ತಂಗಿ. ಇಲ್ಲೇ ಪುಣೆದಾಗ, ಕೋಥರೂಡದಾಗ ಓದಾಕ ಅದೀನಿ. ಇವನ್ನ ಅಣ್ಣಾ ಹಾಕ್ಕೊಳ್ಳಾಂಗೂ ಇಲ್ಲ, ಒಗ್ಯಾಕೂ ಕೊಡವಲ್ಲ. ಹೋದ ವಾರ ಊರಿಗೆ ಹೋದಾಗ ಅವನ್ನ ಕೇಳಲಾರದ ತಂದೀನಿ."

"ಇವನ್ನ... ಏನ್ ಮಾಡ್ಲಿ ನಾ?"

"ಏನರೆ ಮಾಡ್ರಿ. ನಮ್ಮ ಮನ್ಯಾಗ ಇದ್ದಷ್ಟ ದಿನ ಅಣ್ಣಾ ಅವುನ್ನ ನೋಡ್ಕೋತನ ಕೂಡ್ತಾನ." ಸ್ನೇಹಲ್ ಬೂಟುಗಳನ್ನು ಅವಳ ಕಡೆ ತಳ್ಳಿದಳು. "ಅವಾ ಆಡೂದ ನಿಂತ ಕೂಡ್ಲೆ ನೀವೂ ಮಾತ ನಿಲ್ಲಿಸಿದ್ರಿ. ಇಂಡಿಯಾ ಅಂಗಿ ಇದ್ದಾಗ ಅಷ್ಟ ಬೇಕಾಗಿದ್ನೇನ್ರಿ ನಿಮಗ?"

ಕಲ್ಲವ್ವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಸ್ನೇಹಲ್ ಮೂಗು ಒರೆಸಿಕೊಂಡು ಸ್ಕೂಟಿ ಏರಿ ಹೊರಟುಹೋದಳು.

ತುಂಬಾ ಹೊತ್ತಿನ ಮೇಲೆ ಕಲ್ಲವ್ವ ಎಡಗಾಲಿನ ಬೂಟು ಬಿಚ್ಚಿದಳು. ಪದರ ಹಾಗೇ ಇತ್ತು. ಅಮುಕಿರಲಿಲ್ಲ. ಕೊಯ್ದ ದಿನದಷ್ಟೇ ದಪ್ಪ.

ಭಾನುವಾರ ಅವಳು ಬಾರಾಮತಿಯ ಎಸ್‌ಟಿ ಬಸ್ ಹತ್ತಿದಳು.

ಕಬ್ಬು ನುರಿಸುವ ಕಾಲ. ರಸ್ತೆಯುದ್ದಕ್ಕೂ ಕಬ್ಬು ಹೊತ್ತ ಟ್ರ್ಯಾಕ್ಟರುಗಳು, ಗಾಳಿಯಲ್ಲಿ ಬೇಯುವ ರಸದ ವಾಸನೆ. ಕಾಲನಿಯ ಹಿಂದಿನ ಮೈದಾನದಲ್ಲಿ ಒಬ್ಬನೇ ಮನುಷ್ಯ ಬಗ್ಗಿ ಸುಣ್ಣದ ಪುಡಿ ಉದುರಿಸುತ್ತ ಗೆರೆ ಎಳೆಯುತ್ತಿದ್ದ. ನಡುವಿನ ವೃತ್ತ. ಎರಡು ಹೆಜ್ಜೆಗೊಮ್ಮೆ ಎಡಗಾಲು ಎಳೆಯುತ್ತಿತ್ತು. ಆದರೆ ಗೆರೆ ಎಲ್ಲೂ ಸೊಟ್ಟಗಿರಲಿಲ್ಲ.

ವೃತ್ತ ಮುಗಿಯುವ ತನಕ ಅವಳು ಅಂಚಿನಲ್ಲೇ ನಿಂತಳು.

ಮಾಂತು ಬೆನ್ನು ನೆಟ್ಟಗೆ ಮಾಡಿ ತಿರುಗಿದ. ಕೈಯಲ್ಲಿದ್ದ ಸುಣ್ಣದ ಬುಟ್ಟಿ ಹಾಗೇ ಉಳಿಯಿತು.

"ಬೂಟ್ ತಂದೀನ್ರಿ," ಅಂದಳು.

"ರಿಪೇರಿ ಆತೇನ?"

"ಆಗಾಂಗಿಲ್ಲ." ಅವಳು ಸೆರಗಿನ ಗಂಟು ಬಿಚ್ಚಿ ಆ ಚರ್ಮದ ತುಂಡನ್ನು ಮುಂದೆ ಹಿಡಿದಳು. "ಇದು ನಾ ಹಾಕಿದ್ದು. ಚಪ್ಪಲಿಗೆ ಹಾಕಿದಂಗ ಒಂದ ಪದರ ಹೆಚ್ಚಿಗಿ ಹಾಕೀನಿ. ಕೂರತೈತಿ ಅನ್ಕೊಂಡೆ... ಕೂರಲಿಲ್ಲ. ನಿಮ್ಮನ್ನ ನಾನ ಕೆಡವೀನ್ರಿ. ಮೂರ ವರ್ಷ ಹೇಳಾಕ ಬಾಯಿ ಬರಲಿಲ್ಲ. ಬೈರಿ... ಏನರೆ ಅನ್ರಿ!"

ಅವನು ತುಂಡನ್ನು ತೆಗೆದುಕೊಂಡು ಬೆರಳಿನಿಂದ ಸವರಿದ.

"ಗೊತ್ತಿತ್ತು."

"ಏನು?"

"ಮಸ್ಕತ್‌ನ್ಯಾಗ ಬೂಟ್ ಹಾಕ್ಕೊಂಡ ಮೊದಲನೇ ಹೆಜ್ಜೀಗೆ ಗೊತ್ತಾತು, ದಪ್ಪ ಆಗೇತಿ ಅಂತ. ನಮ್ಮ ಕಾಲಿಗೆ ತಿಳಿಯಾಂಗಿಲ್ಲೇನ? ಇಷ್ಟು ವರ್ಷ ಅದರ ಮ್ಯಾಲ ಉಂಡೀನಿ. ಬೆರಳ ಹಾಕಿ ಕಿತ್ತಿದ್ರ ಬರ್ತಿತ್ತು."

"ಮತ್ತ... ಯಾಕ ಕೀಳಲಿಲ್ಲ?"

ಅವನು ಕಬ್ಬಿನ ಕಡೆ ನೋಡಿದ. "ನೀ ಹಾಕಿದ್ದು ಅಂತ ಕೀಳಲಿಲ್ಲ."

ಅವಳ ಕಣ್ಣು ತುಂಬಿ ಬಂತು. "ಹಂಗಾರ ಅದರಿಂದನ..."

"ಗೊತ್ತಿಲ್ಲ ಕಲ್ಲವ್ವ. ಡಾಕ್ಟರಿಗೂ ಗೊತ್ತಿಲ್ಲ. ಮೊಳಕಾಲಿನೊಳಗ ಮೊದಲ ಹರಿದಿತ್ತು. ಆ ಪದರ ಇರಲಿಲ್ಲಂದ್ರ ಅವತ್ತ ಉಳೀತಿತ್ತೋ ಏನೋ. ಮುಂದಿನ ಪಂದ್ಯದಾಗ ಹೋಗ್ತಿತ್ತೋ ಏನೋ. ಕಾಲ ಹಿಂಗೈತಿ ಅಂತ ಮುಚ್ಚಿಟ್ಟಾಂವ ನಾನು."

ನಿನ್ನ ತಪ್ಪಲ್ಲ ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ. ಅರ್ಧ ಭಾರವನ್ನು ಅವನು ಹೊತ್ತದ್ದಕ್ಕೇ ಇರಬೇಕು, ಮೂರು ವರ್ಷದಲ್ಲಿ ಮೊದಲ ಸಲ ಅವಳಿಗೆ ಬಿಕ್ಕಿ ಬಿಕ್ಕಿ ಅಳು ಬಂತು.

"ಅದಕ್ಕ ನನಗ ಸಿಟ್ಟಿಲ್ಲ," ಅಂದ ಮಾಂತು. "ನೀ ಬರಲಿಲ್ಲ. ಅದಕ್ಕ ಸಿಟ್ಟೈತಿ. ದವಾಖಾನ್ಯಾಗ ಬಾಗಲಾ ನೋಡ್ಕೋತ ಮಕ್ಕೊಂಡಿದ್ದೆ. ಆಟಾನೂ ಹೋತು... ನೀನೂ ಹೋದಿ."

"ಬಂದಿದ್ದೆ. ಗೇಟಿನ ತನಕ... ಎರಡ ಸಲ."

"ಗೇಟಿನ ತನಕ ಬಂದಾಕಿ ಒಳಗ ಬರಬಾರದಾಗಿತ್ತೇನ?"

ಕಾರ್ಖಾನೆಯ ಸೈರನ್ ಕೂಗಿ ನಿಂತಿತು. ಹೋದ ಆಟ ಹೋಗಿಯಾಗಿತ್ತು. ಅದನ್ನು ಯಾರೂ ತಂದುಕೊಡುವ ಹಾಗಿರಲಿಲ್ಲ.

"ಈ ಬೂಟ್ ನೀನ ಇಟ್ಕೊ," ಕೊನೆಗೆ ಅವನೇ ಅಂದ. "ನನಗ ಒಂದ ಜೋಡ ಚಪ್ಪಲಿ ಮಾಡಿ ಕೊಡ. ಇಲ್ಲಿ ಅಂಗಡೀವು ಯಾವೂ ಈ ಕಾಲಿಗೆ ಆಗಾಂಗಿಲ್ಲ."

ಅವಳು ಕಣ್ಣೊರೆಸಿಕೊಂಡು ಚೀಲದಿಂದ ಹಳೆ ಪೇಪರು, ಪೆನ್ಸಿಲು ತೆಗೆದಳು. ನೆಲದ ಮೇಲೆ ಹಾಸಿ, ಮೊಳಕಾಲೂರಿ ಕೂತಳು.

"ಎಡಗಾಲ ಇಡ್ರಿ. ಭಾರ ಪೂರಾ ಹಾಕ್ರಿ. ಕದೀಬ್ಯಾಡ್ರಿ."

"ಪೂರಾ ಹಾಕಿದ್ರ ಬೀಳ್ತೀನಿ."

"ನನ್ನ ಹೆಗಲ ಹಿಡೀರಿ."

ಸುಣ್ಣ ಮೆತ್ತಿದ ಕೈ ಅವಳ ಹೆಗಲ ಮೇಲೆ ಕೂತಿತು. ಪಾದದ ಸುತ್ತ ಪೆನ್ಸಿಲು ನಿಧಾನವಾಗಿ ಓಡಿತು. ಅವನ ಕಾಲು ನಡುಗುತ್ತಿತ್ತು. ಅವಳ ಗೆರೆ ಸೊಟ್ಟಗಾಗಲಿಲ್ಲ.

"ಅಟ್ಟಿ ಯಾರ ಕೊಯ್ಯಾವ್ರು? ನಿಮ್ಮಪ್ಪನ?"

"ನಾನ."

"ಪದರಾ?"

"ಒಂದ ಹೆಚ್ಚಿಗೀನ ಇಡ್ತೀನ್ರಿ. ಚಪ್ಪಲಿ ಅಲ್ಲೇನ... ಕೂರತೈತಿ."

"ಎಷ್ಟ ದಿನಕ್ಕ?"

"ಎಂಟ ದಿನ ನನ್ನ ಜೋಡಿ ನಡದ್ರ ಸಾಕು."

"ಎಂಟ ದಿನ ಅಷ್ಟನ?"

ಗೆರೆ ಹಿಮ್ಮಡಿಯ ಹತ್ತಿರ ಬಂದು ಕೂಡಿತು. ಅಳತೆ ಮುಗಿದಿತ್ತು. ಅವನು ಹೆಗಲಿನಿಂದ ಕೈ ತೆಗೆಯಲಿಲ್ಲ. ಅವಳೂ ಏಳಲಿಲ್ಲ.

"ಇನ್ನೊಂದ ಕಾಲಿಂದೂ ತಗೋಬೇಕ್ರಿ," ಅಂದಳು ಮೆಲ್ಲಗೆ. "ಹಿಡಕೊಂಡಿರ್ರಿ..."