ಎಲ್ದೋ ಡಾಕ್ಟರ ಎದುರು ಯಾರೂ ಮಾತಾಡುತ್ತಿರಲಿಲ್ಲ

ಆಪರೇಷನ್ ಕೋಣೆಯೊಳಗಿನ ಮಾತು ಹೊರಗೆ ಬರಬಾರದು ಎನ್ನುತ್ತಾರೆ. ಅದನ್ನು ಪ್ರೇಮಕಥೆ ಮಾಡಿ ಹೇಳುವಷ್ಟು ತಿಳಿವಳಿಕೆ ನನಗಿದೆಯೋ ಇಲ್ಲವೋ... ತಪ್ಪಿದ್ದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಕೋಟ್ಟಯಂನ ಆ ಹೆರಿಗೆ ಆಸ್ಪತ್ರೆಗೆ ಅರಿವಳಿಕೆ ವೈದ್ಯೆಯಾಗಿ ಸೇರಿದ ಮೊದಲ ದಿನವೇ ಟ್ರೀಸಾಳ ಕಾಲ ಬಳಿ ಒಂದು ಕತ್ತರಿ ಬಂದು ಬಿತ್ತು. ಎಸೆದವನು ಡಾಕ್ಟರ್ ಎಲ್ದೋ. ಕತ್ತರಿ ಮೊಂಡಾಗಿತ್ತಂತೆ.

ನರ್ಸುಗಳೆಲ್ಲ ನೆಲ ನೋಡಿದರು.

“ಡಾಕ್ಟರೇ, ಇದು ಜಾರಿ ಬಿತ್ತೋ, ನನಗೆ ಸ್ವಾಗತವೋ?” ಎಂದಳು ಟ್ರೀಸಾ.

ಮುಖಗವಸಿನ ಮೇಲಿನ ಕಣ್ಣುಗಳು ದುರುಗುಟ್ಟಿದವು. ಆಮೇಲೆ, ಯಾಕೋ, ನಕ್ಕವು.

ಹೊರಗೆ ಅವನು ಬೇರೆಯೇ ಮನುಷ್ಯ. ಕ್ಯಾಂಟೀನಿನಲ್ಲಿ ಬೇಳೆಯ ಪರಿಪ್ಪುವಡೆಯ ಗರಿಗರಿ ಅಂಚು ಮುರಿದು ಅವಳ ತಟ್ಟೆಗೆ ಹಾಕುವನು. ತಿಂಗಳುಗಳು ಕಳೆದು, ಈ ಭಾನುವಾರ ತಾಯಿ ಅಮ್ಮಚ್ಚಿಯನ್ನು ಕರೆದುಕೊಂಡು ಹೆಣ್ಣು ಕೇಳಲು ಬರುವುದೆಂದೂ ಮಾತಾಗಿತ್ತು. ಆದರೂ ಟ್ರೀಸಾಳಿಗೆ ಸಮಾಧಾನವಿಲ್ಲ. ‘ಈ ಇಬ್ಬರಲ್ಲಿ ನನ್ನ ಮನೆಗೆ ಬರುವವನು ಯಾವನು?’

ಎಲ್ದೋ ಕೆಲಸಕ್ಕೆ ನಿಂತರೆ ಅಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಎಲ್ಲ ಕಣ್ಸನ್ನೆಯಲ್ಲೇ. ಹೊಸ ನರ್ಸುಗಳು ಮೊದಲು ಕಲಿಯುತ್ತಿದ್ದದ್ದೇ ಅದನ್ನು.

ಆ ಶುಕ್ರವಾರ ಸಿಸೇರಿಯನ್. ಮಗು ಅತ್ತಿತು. ಹೊಲಿಗೆಯ ದಾರ ಕೊಡುವುದು ತಡವಾಯಿತೆಂದು ಎಲ್ದೋ ಕಿರಿಯ ನರ್ಸ್ ಜಿನ್ಸಿಗೆ ಬಾಯಿ ಮುಚ್ಚಿಕೊಂಡು ನಿಲ್ಲು ಎಂದು ಗದರಿದ. ಜಿನ್ಸಿ ಹಾಗೇ ನಿಂತಳು.

ತಾಯಿಯ ರಕ್ತದೊತ್ತಡ ಇಳಿಯತೊಡಗಿತು. ರಕ್ತ ಹೋಗುತ್ತಿದೆಯೇ ಎಂದು ಟ್ರೀಸಾ ಕೇಳಿದರೆ, ಇಲ್ಲಿ ಎಲ್ಲ ಒಣಗಿದೆ, ನಿಮ್ಮ ಕೆಲಸ ನೋಡಿ ಎಂದ ಎಲ್ದೋ, ಹೊಲಿಗೆಯಿಂದ ಕಣ್ಣೆತ್ತದೆ.

ಜಿನ್ಸಿ ಮಾತ್ರ ಹಿರಿಯ ನರ್ಸ್ ಓಮನ ಚೇಚಿಯ ಕಣ್ಣನ್ನು ಹುಡುಕುತ್ತಿದ್ದಳು. ಚೇಚಿ ತಲೆ ತಗ್ಗಿಸಿದ್ದರು.

“ಜಿನ್ಸಿ, ಏನು ಕಾಣ್ತಿದೆ? ನನಗೆ ಹೇಳು,” ಎಂದಳು ಟ್ರೀಸಾ.

“ಕೆಳಗೆ... ಹೊದಿಕೆ ಕೆಳಗೆ ರಕ್ತ, ಡಾಕ್ಟರೇ. ಆಗಿನಿಂದ.”

ಆಮೇಲೆ ಓಟ, ಔಷಧಿ, ರಕ್ತದ ಚೀಲಗಳು... ತಾಯಿ ಉಳಿದಳು.

ಯಾಕೆ ಹೇಳಲಿಲ್ಲ ಎಂದು ಎಲ್ದೋ ಕೇಳಿದಾಗ ಜಿನ್ಸಿ ಅಳುತ್ತಲೇ ಅಂದಳು: “ಸಾರೇ ಬಾಯಿ ಮುಚ್ಚು ಅಂದಿದ್ರಲ್ಲ.”

ಸಂಜೆ ಟ್ರೀಸಾ ಅವನಿಗೆ, ಭಾನುವಾರ ಬರಬೇಡಿ ಎಂದಳು.

ಅವನ ಮುಖ ಬಿಳಿಚಿತು. ತನ್ನ ಕೈಗುಣದ ಮೇಲೆ ಅವಳಿಗೆ ನಂಬಿಕೆ ಹೋಯಿತೆಂದೇ ತಿಳಿದ. ವಾರವಿಡೀ ಆಪರೇಷನ್ ಕೋಣೆಯ ಹೊರಗೆ ಅವಳೆದುರು ಬರಲಿಲ್ಲ. ಅವಳೋ, ಇವನಿಗೆ ತಾನು ಬೇಡವಾದೆನೆಂದು ಒಳಗೊಳಗೇ ಕುದಿದಳು. ಕೊನೆಗೆ ತಡೆಯಲಾರದೆ ಮೆಟ್ಟಿಲ ಬಳಿ ಅಡ್ಡ ನಿಂತಳು.

“ನಿಮ್ಮ ಕೈಗೆ ನನ್ನ ಜೀವ ಕೊಡ್ತೀನಿ, ಎಲ್ದೋ. ಆದರೆ ಮನೇಲೂ ಕಣ್ಸನ್ನೆಯಲ್ಲಿ ಬದುಕೋಕೆ ನನ್ನಿಂದ ಆಗಲ್ಲ.”

ಅವನು ಮೆಟ್ಟಿಲಿಳಿದು ಹೋದ.

ಮರುದಿನ ಚಾಕು ಹಿಡಿಯುವ ಮೊದಲು ಎಲ್ದೋ ಎಲ್ಲರ ಕಡೆ ತಿರುಗಿದ. ಏನು ಕಂಡರೂ ಹೇಳಿ, ನಾನು ರೇಗಿದರೂ ಹೇಳಿ ಎಂದ. ಯಾರೂ ನಂಬಲಿಲ್ಲ.

ನಡುವೆ ಏನೋ ತಪ್ಪಿತು. ಅವನ ದನಿ ಏರಿತು. ಟ್ರೀಸಾ ಅಂದುಕೊಂಡಳು... ‘ಮತ್ತೆ ಅದೇ.’

“ಸಾರೇ,” ಎಂದಳು ಜಿನ್ಸಿ, “ರೇಗ್ತಾ ಇದ್ದೀರಿ.”

ಅವನ ಕೈ ನಿಂತಿತು.

“ಹೌದು,” ಎಂದ ಎಲ್ದೋ. “ತಪ್ಪಾಯ್ತು ಜಿನ್ಸಿ. ಹೇಳು, ಏನು ಕಂಡಿತು?”

ಟ್ರೀಸಾಳಿಗೆ ಯಂತ್ರದ ಅಂಕಿಗಳೆಲ್ಲ ಮಂಜಾದವು.

ಹೊರಗೆ ಬಂದಾಗ ಅವನು ಬೆವರಿನಲ್ಲಿ ತೊಯ್ದು ಗೋಡೆಗೆ ಒರಗಿದ್ದ.

“ಹೆದರಿಕೆ ಆದಾಗಲೇ ಟ್ರೀಸಾ, ನಾನು ಕೂಗೋದು. ಯಾರಿಗೂ ಹೇಳಿರಲಿಲ್ಲ.”

“ನನಗೆ ಹೇಳಬಹುದಿತ್ತು.”

“ನೀನು ಬಿಟ್ಟು ಹೋಗ್ತೀಯ ಅನ್ನೋ ಹೆದರಿಕೆ... ಅದನ್ನ ಯಾರಿಗೆ ಹೇಳಲಿ?”

“ನನಗೇ ಹೇಳಿ, ಇಚ್ಚಾಯ.” ಮದುವೆಯಾದ ಮೇಲೆ ಕರೆಯಬೇಕಾದ ಹೆಸರು ಬಾಯಿಗೆ ಬಂದುಬಿಟ್ಟಿತ್ತು. ಅವಳು ಹಿಂದೆ ತೆಗೆದುಕೊಳ್ಳಲಿಲ್ಲ.

ಅವನ ಸಿಟ್ಟು ಅಂದಿಗೆ ಹೋಯಿತೋ, ಎಲ್ಲಾದರೂ ಅಡಗಿ ಕುಳಿತಿತೋ ನನಗೆ ಗೊತ್ತಿಲ್ಲ. ಅವನ ಕೈ ಹಿಡಿದಾಗ ಟ್ರೀಸಾಳಿಗೂ ಗೊತ್ತಿರಲಿಲ್ಲ.