ನಾಲ್ಕು ದಿಂಬುಗಳ ರಾತ್ರಿ

ಬಾಗಿಲು ಬಡಿದ ಸದ್ದಾಯಿತು. ವರ್ಷಗಳೆಷ್ಟೋ ಉರುಳಿದರೂ ಆ ಅಳುಕಿನ ಸದ್ದು ಅವಳ ನೆನಪಿನಲ್ಲಿ ಇಂದಿಗೂ ಹಸಿರಾಗಿದೆ.

ತೆರೆದರೆ, ಅವಳು ಕಂಠದಾನ ಮಾಡುತ್ತಿದ್ದ ಸ್ಟುಡಿಯೋದಲ್ಲಿ ಧ್ವನಿ ಮುದ್ರಿಸುವ ಸೌಂಡ್ ಸಾಹೇಬ! ಕಂಕುಳಲ್ಲಿ ಎರಡು ಮರದ ತುಂಡು. ಹೇಳಲಿಲ್ಲ, ಕೇಳಲಿಲ್ಲ, ನೇರ ಅವಳ ಕೋಣೆಗೆ ನಡೆದುಬಿಟ್ಟ.

"ರೀ, ಮೆಲ್ಲಗೆ! ನಡುಮನೇಲಿ ಅಜ್ಜಿ ಮಲಗಿದ್ದಾರೆ."

ಹಿಂದಿನ ದಿನವಷ್ಟೇ ಅವನು ಮದುವೆಯ ಮಾತೆತ್ತಿದ್ದ. ಅವಳು 'ಬೇಡ' ಎಂದಿದ್ದಳು, ಕಾರಣ ಹೇಳಿರಲಿಲ್ಲ. ಹೇಗೆ ಹೇಳುವುದು? ಮಲಗಿದರೆ ಸಾಕು, ಹುಳಿನೀರು ಎದೆಯನ್ನು ಸುಡುತ್ತ ಗಂಟಲಿಗೇರುತ್ತಿತ್ತು. ನಾಲ್ಕು ದಿಂಬಿಗೆ ಒರಗಿ, ಕುಳಿತೇ ನಿದ್ದೆ. ಕಾಫಿ ಬಿಟ್ಟಿದ್ದಳು. ಗೆಳತಿಯರ ಪಾರ್ಟಿಗಳಿಗೆ ನೆಪ ಹೇಳಿ ಹೇಳಿ, ಅವರು ಕರೆಯುವುದನ್ನೇ ಬಿಟ್ಟಿದ್ದರು. ಕೆಳಗೆ ಬಿದ್ದ ಪೆನ್ನನ್ನು ಬಗ್ಗಿ ಎತ್ತಲೂ ಭಯ. ರಾತ್ರಿಯಿಡೀ ಕೆಮ್ಮುವವಳನ್ನು ಕಟ್ಟಿಕೊಂಡು ಅವನೇಕೆ ನಿದ್ದೆಗೆಡಬೇಕು?

ಅವನು ಮಂಚದ ತಲೆಭಾಗವನ್ನು ಎತ್ತಿ, ಕಾಲುಗಳ ಕೆಳಗೆ ಆ ತುಂಡುಗಳನ್ನು ತೂರಿಸಿದ.

"ಏನಿದು?"

"ಇಳಿಜಾರು. ಹುಳಿನೀರು ಕೆಳಗೇ ಇರ್ಲಿ ಅಂತ. ಡಾಕ್ಟರನ್ನ ಕೇಳ್ಕೊಂಡೇ ಬಂದಿದೀನಿ."

ಅವಳ ಮುಖ ಕೆಂಪೇರಿತು. ಇವನಿಗೆ ಎಲ್ಲವೂ ತಿಳಿದುಹೋಗಿದೆ!

"ನಾನೊಬ್ಬ ಪೆದ್ದ," ಅವನು ಕೈ ಒರೆಸಿಕೊಂಡ. "ದಿನಾ ಹೆಡ್‌ಫೋನಲ್ಲಿ ಕೇಳ್ತಿದ್ದೆ. ಪ್ರತಿ ಟೇಕ್‌ಗೂ ಮುಂಚೆ ಉಗುಳು ನುಂಗ್ತೀರಿ, ಗಂಟಲು ಸರಿ ಮಾಡ್ಕೊಳ್ತೀರಿ..."

"ಅದಕ್ಕೆ?"

"ಗಾಜಿನಾಚೆ ನನ್ನನ್ನ ನೋಡಿ ನಾಚ್ಕೊಳ್ತೀರಿ ಅಂದ್ಕೊಂಡಿದ್ದೆ."

"ಅಬ್ಬಬ್ಬಾ, ಏನು ಜಂಬ!" ಅವಳಿಗೆ ನಗು ತಡೆಯಲಾಗಲಿಲ್ಲ.

"ಆ ಚೂರುಗಳನ್ನೆಲ್ಲ ಟೇಪಿಂದ ಕತ್ತರಿಸಿ ಎಸೀಬೇಕು, ಅದೇ ನನ್ನ ಕೆಲ್ಸ. ಒಂದನ್ನೂ ಎಸೆದಿಲ್ಲ. ಅಂಟಿಸಿ ಇಟ್ಕೊಂಡಿದೀನಿ."

ಅವಳ ನಗು ನಿಂತಿತು. ಮುಚ್ಚಿಡುತ್ತಿದ್ದ ಕೆಮ್ಮನ್ನೂ ಒಬ್ಬರು ಕೂಡಿಡಬಹುದೇ?

"ಇದು ಪೂರ್ತಿ ವಾಸಿಯಾಗುತ್ತೋ ಇಲ್ವೋ ಗೊತ್ತಿಲ್ಲ. ಎಷ್ಟೋ ರಾತ್ರಿ ಎದ್ದು ಕೂತ್ಕೊಳ್ತೀನಿ."

"ನಾನೂ ಕೂತ್ಕೊಳ್ತೀನಿ. ರಾತ್ರಿಯೂಟ ಸಂಜೆನೇ ಮುಗಿಸೋಣ. ನಿದ್ದೇಲಿ ನಾನು ಕೆಳಗೆ ಜಾರಿದ್ರೆ ಮಾತ್ರ ಸ್ವಲ್ಪ ಎಳ್ಕೊಳ್ಳಿ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹಾಗಾದ್ರೆ... ನಿಮ್ಮನೆ ಮಂಚಕ್ಕೂ ಎರಡು ತುಂಡು ಮಾಡಿಸ್ಬಿಡಿ."

ಅವನ ಮುಖವಿಡೀ ಅರಳಿತು. ಬೆಳಕಿನಲ್ಲಿ ಅದನ್ನು ಕಣ್ತುಂಬ ನೋಡಿಕೊಂಡ ಮೇಲೆಯೇ ಅವಳು ಹುಬ್ಬು ಗಂಟಿಕ್ಕಿದಳು.

"ಅದಿರ್ಲಿ, ನನ್ನ ಗುಟ್ಟು ನಿಮಗೆ ಹೇಳಿದ್ದು ಯಾರು?"

"ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

ನಡುಮನೆಯ ಕತ್ತಲಲ್ಲಿ, ಹೊದಿಕೆಯೊಳಗಿಂದ ಯಾರೋ ಕಿಸಕ್ಕನೆ ನಕ್ಕರು.

"ಅಜ್ಜೀ!"